ಒಂದೇ ಉರಿ, ಎರಡು ಬೇಡಿಕೆ: ಕೋಣೆಯ ಕಾವಿಗೂ ಬಿಸಿನೀರಿಗೂ ಬಾಯ್ಲರ್ ನಿಯಂತ್ರಣಗಳನ್ನು ಹೊಂದಿಸುವ ಬಗೆ

ಚಳಿನಾಡುಗಳ ಎಷ್ಟೋ ಮನೆಗಳಲ್ಲಿ, ನೀರು ಕಾಯಿಸಿ ಕೊಳವೆಗಳಲ್ಲಿ ಹರಿಸಿ ಕೋಣೆಗಳನ್ನು ಬೆಚ್ಚಗಿಡುವ ಬಾಯ್ಲರೇ ನಲ್ಲಿಗೂ ಬಿಸಿನೀರು ಒದಗಿಸುತ್ತದೆ. ಉರಿ ಒಂದೇ, ಆದರೆ ಈ ಎರಡು ಕೆಲಸಗಳು ಅದರಿಂದ ಬೇಡುವ ಕಾವು ಒಂದೇ ಅಲ್ಲ. ಟ್ಯಾಂಕಿನಲ್ಲಿ ಸಂಗ್ರಹಿಸಿಡುವ ನೀರು ಆರೋಗ್ಯದ ಕಾರಣಕ್ಕಾಗಿ 60 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಕೋಣೆಗಳಿಗೆ ಶಾಖ ಕೊಡುವ ಲೋಹದ ಫಲಕಗಳಾದ ರೇಡಿಯೇಟರುಗಳಿಗೆ ಹರಿಯುವ ನೀರಾದರೋ, ಚಳಿ ತೀರ ಕಡುವಾಗಿಲ್ಲದ ದಿನಗಳಲ್ಲಿ 50ರ ಆಸುಪಾಸಿನಲ್ಲಿದ್ದರೂ ಎಷ್ಟೋ ಮನೆಗಳಿಗೆ ಸಾಲುತ್ತದೆ. ಬಾಯ್ಲರ್ ಕೂರಿಸಿದವರು ಎರಡಕ್ಕೂ ಸೇರಿಸಿ 75ಕ್ಕೋ 80ಕ್ಕೋ ತಿರುಗಿಸಿಟ್ಟು ಹೋದ ಗುಂಡಿ ವರ್ಷಗಟ್ಟಲೆ ಅಲ್ಲೇ ಉಳಿದುಬಿಡುತ್ತದೆ. ಮನೆ ಬೆಚ್ಚಗಾಗುತ್ತದೆ, ನೀರೂ ಕಾಯುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಇಂಧನ ಮಾತ್ರ ಬೇಕಾದುದಕ್ಕಿಂತ ಹೆಚ್ಚು ಉರಿಯುತ್ತಿರುತ್ತದೆ. ಈ ಎರಡು ಬೇಡಿಕೆಗಳನ್ನು ಬೇರ್ಪಡಿಸಿ, ಒಂದೊಂದಕ್ಕೂ ಅದರದೇ ತಾಪಮಾನವನ್ನೂ ಸಮಯವನ್ನೂ ನಿಗದಿಪಡಿಸುವುದು ಹೇಗೆಂಬುದನ್ನು ಮುಂದೆ ಹೆಜ್ಜೆಹೆಜ್ಜೆಯಾಗಿ ವಿವರಿಸಿದ್ದೇನೆ.

ಮೊದಲೇ ಒಂದು ಗೆರೆ ಎಳೆದುಕೊಳ್ಳಬೇಕು. ಗುಂಡಿ ತಿರುಗಿಸುವುದು, ಮೆನುವಿನಲ್ಲಿ ಅಂಕಿ ಬದಲಿಸುವುದು, ಟೈಮರ್ ಹೊಂದಿಸುವುದು ಮನೆಯವರು ಮಾಡಬಹುದಾದ ಕೆಲಸಗಳು. ಬಾಯ್ಲರಿನ ಮುಚ್ಚಳ ಬಿಚ್ಚುವುದು, ಅನಿಲದ ಕೊಳವೆ ಮುಟ್ಟುವುದು, ವಿದ್ಯುತ್ ತಂತಿಗಳನ್ನು ಅದಲುಬದಲು ಮಾಡುವುದು, ಒತ್ತಡದಲ್ಲಿರುವ ಟ್ಯಾಂಕಿನ ಸುರಕ್ಷಾ ವಾಲ್ವಿಗೆ ಕೈಹಾಕುವುದು ಅರ್ಹತೆಯುಳ್ಳ ತಂತ್ರಜ್ಞರಿಗೆ ಬಿಟ್ಟದ್ದು. ಈ ಲೇಖನದಲ್ಲಿ ಎಲ್ಲಿ ಆ ಗೆರೆ ಅಡ್ಡ ಬರುತ್ತದೋ ಅಲ್ಲಿ ಅದನ್ನು ಹೇಳಿದ್ದೇನೆ.

ಇರುವುದು ಯಾವ ಬಗೆ ಎಂದು ಗುರುತಿಸುವುದು

ಮನೆಯಲ್ಲಿ ಬಿಸಿನೀರಿನ ಟ್ಯಾಂಕ್ ಇಲ್ಲದೆ, ನಲ್ಲಿ ತಿರುಗಿಸಿದ ಕೂಡಲೇ ಬಾಯ್ಲರ್ ಹೊತ್ತಿಕೊಂಡು ಹರಿಯುವ ನೀರನ್ನೇ ಕಾಯಿಸುತ್ತಿದ್ದರೆ ಅದು ಕಾಂಬಿ ಬಾಯ್ಲರ್. ಟ್ಯಾಂಕ್ ಇದ್ದರೆ, ಬಾಯ್ಲರಿನ ನೀರು ಟ್ಯಾಂಕಿನೊಳಗಿನ ಸುರುಳಿ ಕೊಳವೆಯಲ್ಲಿ ಹರಿದು, ಬಳಕೆಯ ನೀರಿನೊಂದಿಗೆ ಬೆರೆಯದೆಯೇ ಅದಕ್ಕೆ ಶಾಖ ಕೊಡುತ್ತದೆ. ಈ ಎರಡನೆಯ ಬಗೆಯಲ್ಲಿ ಟ್ಯಾಂಕಿನ ಹತ್ತಿರದ ಕೊಳವೆಗಳ ಮೇಲೆ ಲೋಹದ ಪುಟ್ಟ ಪೆಟ್ಟಿಗೆಗಳು ಕಾಣುತ್ತವೆ. ಅವು ಮೋಟಾರ್ ವಾಲ್ವುಗಳು. ಎರಡು ಪೆಟ್ಟಿಗೆಗಳಿದ್ದರೆ ಒಂದು ಕೋಣೆಗಳ ದಾರಿಯದು, ಇನ್ನೊಂದು ಟ್ಯಾಂಕಿನ ದಾರಿಯದು. ಒಂದೇ ಪೆಟ್ಟಿಗೆಗೆ ಮೂರು ಕೊಳವೆಗಳು ಸೇರಿದ್ದರೆ ಅದು ಎರಡೂ ದಾರಿಗಳಿಗೆ ನೀರನ್ನು ಹಂಚುವ ಮೂರು ಬಾಯಿಯ ವಾಲ್ವ್.

ಬೇಡಿಕೆ ಹೇಗೆ ಸಾಗುತ್ತದೆಂಬುದನ್ನು ಒಮ್ಮೆ ಕಿವಿಯಿಂದಲೇ ಕೇಳಿ ತಿಳಿಯಬಹುದು. ಎರಡು ವಾಲ್ವುಗಳ ವ್ಯವಸ್ಥೆಯಲ್ಲಿ, ಎಲ್ಲವೂ ಆರಿರುವಾಗ ಕೋಣೆಯ ಥರ್ಮೋಸ್ಟಾಟನ್ನು (ತಾಪಮಾನ ನೋಡಿ ಕಾವು ಕೇಳುವ ಸ್ವಿಚ್ಚನ್ನು) ಏರಿಸಿ, ವಾಲ್ವಿನ ಹತ್ತಿರ ಹೋಗಿ ನಿಲ್ಲಿ. ಮೋಟಾರು ಸಣ್ಣಗೆ ಗುಂಯ್‌ಗುಡುತ್ತದೆ. ಕೆಲವು ಸೆಕೆಂಡುಗಳಲ್ಲಿ ವಾಲ್ವ್ ಪೂರ್ತಿ ತೆರೆದಾಗ ಒಳಗಿನ ಸ್ವಿಚ್ಚು ಟಿಕ್ಕೆನ್ನುತ್ತದೆ. ಅದರ ಬೆನ್ನಿಗೇ ಪಂಪು ತಿರುಗಿ ಬಾಯ್ಲರ್ ಹೊತ್ತಿಕೊಳ್ಳುತ್ತದೆ. ಟೈಮರ್ ಅನುಮತಿ ಕೊಡುತ್ತದೆ, ಥರ್ಮೋಸ್ಟಾಟ್ ಕೇಳುತ್ತದೆ, ವಾಲ್ವ್ ದಾರಿ ತೆರೆಯುತ್ತದೆ, ಕೊನೆಯಲ್ಲಿ ಬಾಯ್ಲರ್ ಉರಿಯುತ್ತದೆ. ಬಿಸಿಯೇ ಆಗುತ್ತಿಲ್ಲವೆಂಬ ದೂರು ಬಂದಾಗ ಈ ಸರಪಳಿಯ ಕೊಂಡಿಗಳನ್ನು ಇದೇ ಕ್ರಮದಲ್ಲಿ ನೋಡುತ್ತ ಹೋದರೆ ತಪ್ಪು ಬೇಗ ಸಿಗುತ್ತದೆ.

ಮುಂದುವರಿಯುವ ಮುನ್ನ ಒಂದು ಪರೀಕ್ಷೆ ಅಗತ್ಯ. ಕೋಣೆಯ ಥರ್ಮೋಸ್ಟಾಟನ್ನೂ ಟ್ಯಾಂಕಿನ ಥರ್ಮೋಸ್ಟಾಟನ್ನೂ ಪೂರ್ತಿ ಇಳಿಸಿಬಿಡಿ. ಬಾಯ್ಲರಿನ ಉರಿ ಆರಬೇಕು. ಒಳಗೆ ಉಳಿದ ಶಾಖವನ್ನು ಹೊರದೂಡಲು ಪಂಪು ಇನ್ನೂ ಕೆಲವು ನಿಮಿಷ ತಿರುಗುವುದು ಸಹಜ. ಯಾರೂ ಕೇಳದಿದ್ದರೂ ಬಾಯ್ಲರ್ ಆಗಾಗ ಹೊತ್ತಿಕೊಂಡು ತನ್ನ ಕೊಳವೆಗಳನ್ನೇ ಕಾಯಿಸುತ್ತಿದ್ದರೆ ತಂತಿಗಳ ಜೋಡಣೆಯಲ್ಲಿ ಲೋಪವಿದೆ. ಇದನ್ನು ತಂತ್ರಜ್ಞರಿಂದ ಸರಿಪಡಿಸಿಕೊಳ್ಳದೆ ಮುಂದಿನ ಯಾವ ಹೊಂದಾಣಿಕೆಯೂ ಫಲ ಕೊಡದು. ಟ್ಯಾಂಕಿನ ಬದಲು ಒಳಗೇ ನೀರು ಕಾಯಿಸಿಟ್ಟುಕೊಳ್ಳುವ ಕಾಂಬಿ ಬಾಯ್ಲರುಗಳು ಮಾತ್ರ ಇದಕ್ಕೆ ಅಪವಾದ. ಅವುಗಳ ಮಾತು ಮುಂದೆ ಬರುತ್ತದೆ.

ಈಗಿರುವ ಎಲ್ಲ ಅಂಕಿಗಳನ್ನೂ ಒಂದು ಹಾಳೆಯಲ್ಲಿ ದಿನಾಂಕದ ಸಮೇತ ಬರೆದುಕೊಳ್ಳಿ. ಹಿಂದಿನ ಸ್ಥಿತಿಗೆ ಮರಳಲು ಇದೊಂದೇ ದಾರಿ.

ಬಿಸಿನೀರನ್ನು ಮೊದಲು ನಿಗದಿಪಡಿಸುವುದು

ಬಿಸಿನೀರಿನಿಂದ ಆರಂಭಿಸುವುದಕ್ಕೆ ಕಾರಣವಿದೆ: ಅದರ ಅಂಕಿಯಲ್ಲಿ ಚೌಕಾಸಿಗೆ ಎಡೆಯಿಲ್ಲ. ಲೀಜಿಯನೆಲ್ಲ ಎಂಬ ಬ್ಯಾಕ್ಟೀರಿಯ 20ರಿಂದ 45 ಡಿಗ್ರಿಯ ನಡುವಿನ ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. 60 ಡಿಗ್ರಿಯಲ್ಲಿ ನಿಮಿಷಗಳೊಳಗೆ ಸಾಯುತ್ತದೆ. ಉಳಿತಾಯದ ಉತ್ಸಾಹದಲ್ಲಿ ಟ್ಯಾಂಕಿನ ಥರ್ಮೋಸ್ಟಾಟನ್ನು 45ಕ್ಕೆ ಇಳಿಸುವವರು ಈ ಬ್ಯಾಕ್ಟೀರಿಯಕ್ಕೆ ಹದವಾದ ನೆಲೆಯನ್ನೇ ಒದಗಿಸಿದಂತಾಗುತ್ತದೆ. ಟ್ಯಾಂಕಿನ ಥರ್ಮೋಸ್ಟಾಟ್ ಸಾಮಾನ್ಯವಾಗಿ ತಳದಿಂದ ಮೂರನೇ ಒಂದು ಭಾಗದಷ್ಟು ಎತ್ತರದಲ್ಲಿ, ಟ್ಯಾಂಕಿನ ಮೈಗೆ ಪಟ್ಟಿಯಿಂದ ಬಿಗಿದಿರುತ್ತದೆ. ನಿರೋಧಕ ಹೊದಿಕೆಯನ್ನು ಅಷ್ಟು ಜಾಗದಲ್ಲಿ ಕತ್ತರಿಸಿ ಅದು ಲೋಹಕ್ಕೇ ಅಂಟಿ ಕೂರುವಂತೆ ಮಾಡಿರಬೇಕು. ಪಟ್ಟಿ ಸಡಿಲಗೊಂಡು ಥರ್ಮೋಸ್ಟಾಟ್ ಹೊದಿಕೆಯ ಮೇಲೆ ಜೋತಾಡುತ್ತಿದ್ದರೆ, ಒಳಗಿನ ನೀರು ಎಷ್ಟು ಕಾದರೂ ಅದಕ್ಕೆ ತಿಳಿಯುವುದಿಲ್ಲ. ಗುಂಡಿಯ ಮೇಲಿನ ಅಂಕಿಯನ್ನೇ ನಂಬದೆ, ಟ್ಯಾಂಕ್ ಕಾದು ಥರ್ಮೋಸ್ಟಾಟ್ ಆರಿದ ಮೇಲೆ ಹತ್ತಿರದ ನಲ್ಲಿಯಿಂದ ಒಂದು ನಿಮಿಷ ನೀರು ಬಿಟ್ಟು, ಲೋಟದಲ್ಲಿ ಹಿಡಿದು ಥರ್ಮಾಮೀಟರಿನಿಂದ ಅಳೆಯುವುದು ಒಳ್ಳೆಯದು.

60 ಡಿಗ್ರಿಯ ನೀರು ಚರ್ಮಕ್ಕೆ ಐದೇ ಸೆಕೆಂಡುಗಳಲ್ಲಿ ಗಂಭೀರ ಸುಟ್ಟಗಾಯ ಮಾಡಬಲ್ಲದು. ಮಕ್ಕಳಿಗೆ ಅದಕ್ಕಿಂತ ಬೇಗ. ಆದ್ದರಿಂದ ಟ್ಯಾಂಕಿನ ಕಾವನ್ನು ಇಳಿಸುವ ಬದಲು, ಸ್ನಾನದ ನಲ್ಲಿಗೆ ಹೋಗುವ ದಾರಿಯಲ್ಲಿ ತಣ್ಣೀರು ಬೆರೆಸುವ ಥರ್ಮೋಸ್ಟಾಟಿಕ್ ಮಿಶ್ರಣ ವಾಲ್ವ್ ಕೂರಿಸಿ 41ರಿಂದ 43 ಡಿಗ್ರಿಗೆ ಹೊಂದಿಸಬೇಕು. ಆ ವಾಲ್ವ್ ಈಗಾಗಲೇ ಇದ್ದರೆ ಅದರ ತಲೆಯ ಮುಚ್ಚಳದಡಿ ಹೊಂದಾಣಿಕೆಯ ತಿರುಪು ಇರುತ್ತದೆ. ಇಲ್ಲದಿದ್ದರೆ ನನ್ನ ಮಟ್ಟಿಗೆ ಇದು ಉಳಿದೆಲ್ಲಕ್ಕಿಂತ ಮೊದಲು ಮಾಡಿಸಬೇಕಾದ ಖರ್ಚು.

ಸುರುಳಿಯಲ್ಲಿ ಹರಿಯುವ ನೀರು ಟ್ಯಾಂಕಿನ ನೀರಿಗಿಂತ ಬಿಸಿಯಾಗಿರದ ಹೊರತು ಶಾಖ ದಾಟುವುದಿಲ್ಲ. ಟ್ಯಾಂಕಿಗೆ 60 ಬೇಕೆಂದರೆ ಬಾಯ್ಲರಿನಿಂದ ಹೊರಡುವ ನೀರು 70ರ ಹತ್ತಿರ ಇರಬೇಕು. ಬಾಯ್ಲರಿನಲ್ಲಿ ಒಂದೇ ತಾಪಮಾನದ ಗುಂಡಿಯಿದ್ದು ಎರಡೂ ಕೆಲಸಗಳು ಅದನ್ನೇ ಹಂಚಿಕೊಂಡಿದ್ದರೆ, ಕೋಣೆಗಳಿಗೆಂದು ಅದನ್ನು 50ಕ್ಕೆ ಇಳಿಸಿದ ದಿನವೇ ಟ್ಯಾಂಕ್ 50ನ್ನು ದಾಟುವುದು ನಿಂತುಹೋಗುತ್ತದೆ. ಥರ್ಮೋಸ್ಟಾಟ್ 60 ಕೇಳುತ್ತಲೇ ಇರುತ್ತದೆ, ಬಾಯ್ಲರ್ ಇಡೀ ಹೊತ್ತು ಏದುಸಿರು ಬಿಡುತ್ತದೆ. ಈ ಗಂಟು ಬಿಡಿಸುವ ಉತ್ತಮ ಉಪಾಯ ಬಿಸಿನೀರಿಗೆ ಆದ್ಯತೆ ಕೊಡುವ ಜೋಡಣೆ. ಟ್ಯಾಂಕ್ ಕೇಳಿದಾಗ ಬಾಯ್ಲರ್ ಕೋಣೆಗಳ ದಾರಿಯನ್ನು ಮುಚ್ಚಿ, 70 ಡಿಗ್ರಿಗೇರಿ, ಅರ್ಧ ಮುಕ್ಕಾಲು ಗಂಟೆಯಲ್ಲಿ ಆ ಕೆಲಸ ಮುಗಿಸಿ, ಮತ್ತೆ ಕಡಿಮೆ ಕಾವಿನಲ್ಲಿ ಕೋಣೆಗಳಿಗೆ ಮರಳುತ್ತದೆ. ಅಷ್ಟು ಹೊತ್ತಿನಲ್ಲಿ ಕೋಣೆ ತಣ್ಣಗಾದದ್ದು ಯಾರ ಅರಿವಿಗೂ ಬರುವುದಿಲ್ಲ. ಹೊಸ ಬಾಯ್ಲರುಗಳು ಬಹಳಷ್ಟು ಇದಕ್ಕೆ ಸಿದ್ಧವಾಗಿಯೇ ಬರುತ್ತವೆ, ಆದರೆ ತಂತಿಗಳನ್ನು ಅದಕ್ಕೆ ತಕ್ಕಂತೆ ಜೋಡಿಸಿರುವುದಿಲ್ಲ. ಬಾಯ್ಲರಿನ ಕೈಪಿಡಿ ನೋಡಿ ತಂತ್ರಜ್ಞರನ್ನು ಕೇಳಿ. ಅದು ಸಾಧ್ಯವಿಲ್ಲದ ಹಳೆಯ ವ್ಯವಸ್ಥೆಯಲ್ಲಿ ಗುಂಡಿಯನ್ನು 70ರ ಕೆಳಗೆ ತರದೆ, ಉಳಿತಾಯವನ್ನು ಸಮಯದ ಹೊಂದಾಣಿಕೆಯಲ್ಲಿ ಹುಡುಕುವುದೇ ಸರಿ.

ಸಮಯದ ಲೆಕ್ಕ ಸುಲಭ. 150 ಲೀಟರ್ ನೀರನ್ನು 15 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 8 ಕಿಲೋವ್ಯಾಟ್ ಗಂಟೆಯಷ್ಟು ಶಾಖ ಬೇಕು. ಸುರುಳಿ 15 ಕಿಲೋವ್ಯಾಟ್ ದಾಟಿಸಬಲ್ಲದಾದರೆ ಅರ್ಧ ಗಂಟೆಗೆ ತುಸು ಮೇಲಾಗುತ್ತದೆ. ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಒಂದು ಗಂಟೆ, ಸಂಜೆ ಒಂದು ಗಂಟೆ ಟೈಮರ್ ಇಟ್ಟರೆ ಹೆಚ್ಚಿನ ಮನೆಗಳಿಗೆ ಸಾಕಾಗುತ್ತದೆ. ಚೆನ್ನಾಗಿ ಹೊದಿಕೆಯಿರುವ ಟ್ಯಾಂಕಿಗೆ ದಿನವಿಡೀ ಅನುಮತಿ ಕೊಟ್ಟರೆ ಪೋಲಾಗುವ ಇಂಧನ ಬಹಳವಲ್ಲ, ಆದರೆ ಪ್ರತಿ ಲೋಟ ನೀರು ತೆಗೆದಾಗಲೂ ಬಾಯ್ಲರ್ ಎದ್ದು ಐದು ನಿಮಿಷ ಉರಿದು ಆರುವ ಕಾಟ ತಪ್ಪುವುದಿಲ್ಲ.

ಕಾಂಬಿ ಬಾಯ್ಲರಿನಲ್ಲಿ ಲೆಕ್ಕ ಬೇರೆ. ಅಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಬಿಸಿನೀರಿನ ಅಂಕಿಯನ್ನು 48ರಿಂದ 50ರವರೆಗೆ ಇಟ್ಟರೆ ಸಾಮಾನ್ಯವಾಗಿ ಸಾಲುತ್ತದೆ. 24 ಕಿಲೋವ್ಯಾಟಿನ ಬಾಯ್ಲರ್ 10 ಡಿಗ್ರಿಯ ತಣ್ಣೀರನ್ನು 45ಕ್ಕೆ ಏರಿಸುತ್ತ ನಿಮಿಷಕ್ಕೆ ಸುಮಾರು 10 ಲೀಟರ್ ಕೊಡಬಲ್ಲದು. 60ಕ್ಕೆ ಏರಿಸಲು ಹೋದರೆ 7 ಲೀಟರಿಗೆ ಇಳಿಯುತ್ತದೆ. 60ಕ್ಕೆ ಕಾಯಿಸಿ ನಲ್ಲಿಯಲ್ಲಿ ತಣ್ಣೀರು ಬೆರೆಸಿಕೊಳ್ಳುವುದರಿಂದ ಗಡಸು ನೀರಿನ ಸುಣ್ಣ ಶಾಖ ವಿನಿಮಯದ ಫಲಕಗಳಿಗೆ ಹೆಚ್ಚು ಕಟ್ಟುವುದೊಂದೇ ಲಾಭ, ಅದೂ ರಿಪೇರಿಯವರಿಗೆ. ನಲ್ಲಿ ತಿರುಗಿಸಿದ ತಕ್ಷಣ ಬಿಸಿನೀರು ಬರಲೆಂದು ಕೆಲವು ಕಾಂಬಿಗಳು ಒಂದಷ್ಟು ನೀರನ್ನು ಸದಾ ಕಾಯಿಸಿಟ್ಟಿರುತ್ತವೆ. ನಡುರಾತ್ರಿಯಲ್ಲಿ ಯಾರೂ ಕೇಳದೆಯೇ ಬಾಯ್ಲರ್ ಹೊತ್ತಿಕೊಳ್ಳುವುದಕ್ಕೆ ಇದೇ ಕಾರಣ. ಆ ಸೌಲಭ್ಯವನ್ನು ಆರಿಸಿದರೆ ಬಿಸಿನೀರಿಗೆ ಇನ್ನೂ ಕೆಲವು ಸೆಕೆಂಡು ಕಾಯಬೇಕಾಗುತ್ತದೆ, ಅಷ್ಟೇ.

ಕೋಣೆಗಳ ನೀರಿನ ಕಾವನ್ನು ಇಳಿಸುತ್ತ ಹೋಗುವುದು

ಅನಿಲ ಉರಿದಾಗ ಹೊಗೆಯಲ್ಲಿ ನೀರಾವಿ ಇರುತ್ತದೆ, ಅದರಲ್ಲಿ ಅನಿಲದ ಒಟ್ಟು ಶಕ್ತಿಯ ಸುಮಾರು ಹತ್ತನೇ ಒಂದು ಪಾಲು ಅಡಗಿರುತ್ತದೆ. ಕಂಡೆನ್ಸಿಂಗ್ ಬಾಯ್ಲರ್ ಆ ಆವಿಯನ್ನು ತಣಿಸಿ ಹನಿಯಾಗಿಸಿ ಆ ಪಾಲನ್ನು ವಸೂಲು ಮಾಡುತ್ತದೆ. ಇದು ನಡೆಯಬೇಕಾದರೆ ರೇಡಿಯೇಟರುಗಳಿಂದ ಬಾಯ್ಲರಿಗೆ ಮರಳಿ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿರಬೇಕು. ಅದಕ್ಕಿಂತ ತಣ್ಣಗಾದಷ್ಟೂ ಲಾಭ ಹೆಚ್ಚು. 80ರಲ್ಲಿ ಹೊರಟು 65ರಲ್ಲಿ ಮರಳುವ ನೀರಿನೊಂದಿಗೆ ಕೆಲಸ ಮಾಡುವ ಕಂಡೆನ್ಸಿಂಗ್ ಬಾಯ್ಲರ್ ಹೆಸರಿಗಷ್ಟೇ ಕಂಡೆನ್ಸಿಂಗ್. ನಿಮ್ಮದು ಈ ಲಾಭ ಪಡೆಯುತ್ತಿದೆಯೇ ಎಂದು ತಿಳಿಯಲು ಸಾಧನವೇನೂ ಬೇಡ: ಬಾಯ್ಲರಿನಿಂದ ಚರಂಡಿಗೆ ಹೋಗುವ ಪ್ಲಾಸ್ಟಿಕ್ ಕೊಳವೆಯ ತುದಿ ಕಾಣುವಂತಿದ್ದರೆ ಅದು ಉರಿಯುವ ಹೊತ್ತಿನಲ್ಲಿ ತೊಟ್ಟಿಕ್ಕುವುದನ್ನು ನೋಡಿ. ಕಾವು ಇಳಿಸುತ್ತ ಹೋದ ಹಾಗೆ ಆ ಹನಿಗಳು ಒತ್ತೊತ್ತಾಗಿ ಬೀಳತೊಡಗುತ್ತವೆ.

ಕಾವು ಇಳಿದರೆ ರೇಡಿಯೇಟರ್ ಕೊಡುವ ಶಾಖವೂ ಇಳಿಯುತ್ತದೆ ಎಂಬುದನ್ನು ಮರೆಯಬಾರದು. 20 ಡಿಗ್ರಿಯ ಕೋಣೆಯಲ್ಲಿ ನೀರು 75ರಲ್ಲಿ ಬಂದು 65ರಲ್ಲಿ ಹೋಗುವಾಗ ಕೊಡುವ ಶಾಖವನ್ನು ನೂರೆಂದಿಟ್ಟುಕೊಂಡರೆ, 55ರಲ್ಲಿ ಬಂದು 45ರಲ್ಲಿ ಹೋಗುವಾಗ ಅದು ಐವತ್ತರಷ್ಟಾಗುತ್ತದೆ. ಆದರೆ ರೇಡಿಯೇಟರುಗಳನ್ನು ವರ್ಷದ ಅತ್ಯಂತ ಚಳಿಯ ದಿನಕ್ಕೆ ಸಾಲುವಂತೆ, ಹಲವೆಡೆ ಅದಕ್ಕೂ ಮೀರಿ, ಅಳತೆ ಮಾಡಿ ಕೂರಿಸಿರುತ್ತಾರೆ. ಅಂಥ ದಿನಗಳು ಕೆಲವೇ ಇರುತ್ತವೆ. ಹಾಗಾಗಿ, ಕೋಣೆಗಳೂ ಟ್ಯಾಂಕೂ ಒಂದೇ ಗುಂಡಿಯನ್ನು ಹಂಚಿಕೊಂಡಿರದ ವ್ಯವಸ್ಥೆಯಲ್ಲಿ, 60ರಿಂದ ಆರಂಭಿಸಿ, ಒಂದೊಂದು ಬಾರಿಗೆ 5 ಡಿಗ್ರಿ ಇಳಿಸಿ, ಪ್ರತಿ ಬಾರಿಯೂ ಕನಿಷ್ಠ ಒಂದು ಪೂರ್ತಿ ದಿನ ಕಾದು ನೋಡಿ. ಕೋಣೆ ಬೇಕಾದ ತಾಪಮಾನ ಮುಟ್ಟಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಅದು ತಪ್ಪಲ್ಲ, ಟೈಮರನ್ನು ಅಷ್ಟು ಮುಂಚಿತವಾಗಿ ಆರಂಭಿಸಿದರಾಯಿತು. ಮುಟ್ಟುವುದೇ ಇಲ್ಲವೆಂದಾದರೆ ಒಂದು ಮೆಟ್ಟಿಲು ಮೇಲೇರಿ. ಎಲ್ಲ ಕೋಣೆಗಳೂ ಬೆಚ್ಚಗಿದ್ದು ಒಂದೇ ಕೋಣೆ ತಣ್ಣಗೆ ಉಳಿದರೆ ಇಡೀ ಮನೆಯ ಕಾವು ಏರಿಸಬೇಡಿ. ಹತ್ತಿರದ ರೇಡಿಯೇಟರುಗಳ ತಳದ ವಾಲ್ವನ್ನು ತುಸು ಬಿಗಿದು, ದೂರದ್ದಕ್ಕೆ ಹೆಚ್ಚು ನೀರು ಹರಿಯುವಂತೆ ಸಮತೋಲನ ಮಾಡಿ.

ಇಲ್ಲಿ ಎರಡು ಎಚ್ಚರಿಕೆಗಳು. ಕಂಡೆನ್ಸಿಂಗ್ ಅಲ್ಲದ ಹಳೆಯ ಬಾಯ್ಲರಿಗೆ ಈ ಸಲಹೆ ಅನ್ವಯಿಸುವುದಿಲ್ಲ. ತಣ್ಣನೆಯ ನೀರು ಮರಳಿ ಬಂದರೆ ಅದರ ಶಾಖ ವಿನಿಮಯದ ಭಾಗದಲ್ಲಿ ಆಮ್ಲೀಯ ಹನಿ ಕೂತು ಲೋಹ ತುಕ್ಕು ತಿನ್ನುತ್ತದೆ. ನೆಲದಡಿಯ ಕೊಳವೆಗಳಿರುವಲ್ಲಿ ನೀರು 35ರಿಂದ 45 ಡಿಗ್ರಿಯೊಳಗಿರಬೇಕು, ಅದಕ್ಕೆಂದೇ ಇರುವ ಮಿಶ್ರಣ ವಾಲ್ವನ್ನೂ ಮಿತಿ ಥರ್ಮೋಸ್ಟಾಟನ್ನೂ ಎಂದೂ ತಪ್ಪಿಸಬಾರದು.

ಬಾಯ್ಲರಿನ ತೆರೆಯ ಮೇಲಿನ ಉರಿಯ ಚಿಹ್ನೆಯನ್ನು ಒಂದು ಗಂಟೆ ಗಮನಿಸಿ. ಮೂರು ನಿಮಿಷ ಉರಿದು, ನಾಲ್ಕು ನಿಮಿಷ ಆರಿ, ಮತ್ತೆ ಹೊತ್ತಿಕೊಳ್ಳುವ ಚಾಳಿ ಕಂಡರೆ ಬಾಯ್ಲರಿನ ಸಾಮರ್ಥ್ಯ ಮನೆಯ ಬೇಡಿಕೆಗಿಂತ ಬಹಳ ಹೆಚ್ಚಾಗಿದೆ ಎಂದರ್ಥ. ಕಾಂಬಿಗಳಲ್ಲಿ ಇದು ಹೆಚ್ಚು, ಏಕೆಂದರೆ ಅವುಗಳ ಸಾಮರ್ಥ್ಯವನ್ನು ಆರಿಸುವುದು ಸ್ನಾನದ ನೀರಿಗಾಗಿ. ನಲ್ಲಿಗೆ 24 ಕಿಲೋವ್ಯಾಟ್ ಬೇಕು, ಮನೆಗೆ ಚಳಿಯಲ್ಲೂ 8 ಸಾಕು. ಎಷ್ಟೋ ಬಾಯ್ಲರುಗಳಲ್ಲಿ ಕೋಣೆಗಳ ಗರಿಷ್ಠ ಸಾಮರ್ಥ್ಯವನ್ನು ಬಿಸಿನೀರಿನ ಸಾಮರ್ಥ್ಯಕ್ಕೆ ಧಕ್ಕೆಯಾಗದಂತೆ ಪ್ರತ್ಯೇಕವಾಗಿ ಇಳಿಸುವ ಅವಕಾಶ ಇದೆ. ಅದು ತಂತ್ರಜ್ಞರ ಮೆನುವಿನಲ್ಲಿ ಅಡಗಿರುವುದರಿಂದ ವಾರ್ಷಿಕ ತಪಾಸಣೆಗೆ ಬಂದವರಿಂದಲೇ ಮಾಡಿಸಿಕೊಳ್ಳುವುದು ಲೇಸು.

ಹೊರಗಿನ ಹವೆಗೆ ತಕ್ಕಂತೆ ಕಾವು

ಕೈಯಿಂದ ಕಾವು ಹೊಂದಿಸುವ ಈ ಕೆಲಸವನ್ನೇ ಹೊರಗೋಡೆಯ ಸೆನ್ಸರ್ ತಾನಾಗಿ ಮಾಡಬಲ್ಲದು. ಹೊರಗೆ 10 ಡಿಗ್ರಿ ಇದ್ದಾಗ ನೀರಿಗೆ 38, ಹೊರಗೆ ಸೊನ್ನೆಗಿಂತ 5 ಕೆಳಗಿಳಿದಾಗ 55 ಎಂಬಂತೆ, ಚಳಿಗೆ ಸರಿಯಾಗಿ ನೀರಿನ ಕಾವು ಏರಿಳಿಯುತ್ತದೆ. ಸೆನ್ಸರನ್ನು ಬಿಸಿಲು ಬೀಳದ ಗೋಡೆಯ ಮೇಲೆ, ಕಿಟಕಿ ಮತ್ತು ಹೊಗೆಕೊಳವೆಗಳಿಂದ ದೂರ, ನೆಲದಿಂದ ಸುಮಾರು ಎರಡೂವರೆ ಮೀಟರ್ ಎತ್ತರದಲ್ಲಿ ಕೂರಿಸಬೇಕು.

ಹೊರಗಿನ ಚಳಿಗೆ ನೀರಿನ ಕಾವು ಎಷ್ಟಿರಬೇಕೆಂಬುದನ್ನು ಒಂದು ಗೆರೆಯಾಗಿ ಊಹಿಸಿಕೊಳ್ಳಿ. ಇದರ ಮೆನುವಿನಲ್ಲಿ ಎರಡು ಅಂಕಿಗಳಿರುತ್ತವೆ: ಒಂದು ಆ ಗೆರೆಯ ಇಳಿಜಾರು, ಇನ್ನೊಂದು ಇಡೀ ಗೆರೆಯನ್ನು ಮೇಲೆ ಕೆಳಗೆ ಸರಿಸುವುದು. ಎಳೆಚಳಿಯ ದಿನಗಳಲ್ಲಿ ಮನೆ ಸರಿಯಾಗಿದ್ದು ಕಡುಚಳಿಯಲ್ಲಿ ಮಾತ್ರ ತಣ್ಣಗಾದರೆ ಇಳಿಜಾರನ್ನು ಹೆಚ್ಚಿಸಿ. ಎಲ್ಲ ದಿನಗಳಲ್ಲೂ ಒಂದೇ ಸಮನೆ ತಣ್ಣಗಿದ್ದರೆ ಇಳಿಜಾರನ್ನು ಮುಟ್ಟದೆ ಗೆರೆಯನ್ನು ಮೇಲೆ ಸರಿಸಿ. ಕಡುಚಳಿಯಲ್ಲಿ ಸರಿಯಿದ್ದು ಎಳೆಚಳಿಯಲ್ಲಿ ಸಾಲದಿದ್ದರೆ ಗೆರೆಯನ್ನು ಮೇಲೆ ಸರಿಸಿ ಇಳಿಜಾರನ್ನು ತಗ್ಗಿಸಿ. ಒಮ್ಮೆ ಒಂದೇ ಸಣ್ಣ ಬದಲಾವಣೆ, ನಂತರ ಎರಡು ದಿನ ಸುಮ್ಮನಿರುವುದು; ಕಲ್ಲುಗೋಡೆಯ ಮನೆಯಾದರೆ ಇನ್ನೂ ಹೆಚ್ಚು. ದಿನಕ್ಕೆ ನಾಲ್ಕು ಬಾರಿ ಮೆನು ತೆರೆಯುವವರಿಗೆ ಈ ಗೆರೆ ಎಂದೂ ಸರಿಹೋಗುವುದಿಲ್ಲ.

ಕೋಣೆಯ ಥರ್ಮೋಸ್ಟಾಟ್, ರೇಡಿಯೇಟರಿನ ತಲೆ

ಥರ್ಮೋಸ್ಟಾಟ್ ನಲ್ಲಿಯಲ್ಲ, 30ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, 20ನ್ನು ದಾಟಿಯೂ ನಿಲ್ಲದೆ ಹೋಗುತ್ತದೆ, ಅಷ್ಟೆ. ಅದನ್ನು ಜನ ಹೆಚ್ಚು ಹೊತ್ತು ಕಳೆಯುವ ಕೋಣೆಯಲ್ಲಿ, ನೆಲದಿಂದ 1.2ರಿಂದ 1.5 ಮೀಟರ್ ಎತ್ತರದಲ್ಲಿ, ಬಿಸಿಲು, ದೀಪ, ಪರದೆ, ಬಾಗಿಲಿನ ಗಾಳಿ ತಾಗದ ಒಳಗೋಡೆಗೆ ಹಾಕಬೇಕು. ರೇಡಿಯೇಟರುಗಳ ತುದಿಯಲ್ಲಿದ್ದು, ಕೋಣೆ ಬೆಚ್ಚಗಾದಾಗ ನೀರು ತಡೆಯುವ ಥರ್ಮೋಸ್ಟಾಟಿಕ್ ತಲೆಗಳ ಮೇಲಿನ ಅಂಕಿಗಳು ಡಿಗ್ರಿಗಳಲ್ಲ. ಸಾಮಾನ್ಯವಾಗಿ 3 ಎಂದರೆ ಸುಮಾರು 20 ಡಿಗ್ರಿ, ಹಿಮದ ಚಿಹ್ನೆ ಎಂದರೆ ಹೆಪ್ಪುಗಟ್ಟದಂತೆ ಕಾಯುವ 6ರಿಂದ 8 ಡಿಗ್ರಿ.

ಗೋಡೆಯ ಥರ್ಮೋಸ್ಟಾಟ್ ಇರುವ ಕೋಣೆಯ ರೇಡಿಯೇಟರಿಗೆ ಇಂಥ ತಲೆ ಇರಬಾರದು, ಇದ್ದರೆ ಪೂರ್ತಿ ತೆರೆದಿರಬೇಕು. ಈ ಮಾತನ್ನು ನಾನು ಕಲಿತದ್ದು ಕಷ್ಟಪಟ್ಟು. ಒಮ್ಮೆ ಮೂರು ದಿನ ನಮ್ಮ ಬಾಯ್ಲರ್ ಆರದೆ ಉರಿಯಿತು, ಮಲಗುವ ಕೋಣೆಗಳು ಬೇಯುವಷ್ಟು ಬಿಸಿ, ಹಜಾರ ಮಾತ್ರ 18 ದಾಟಲಿಲ್ಲ. ವಾಲ್ವನ್ನು ಸಂಶಯಿಸಿದೆ, ಪಂಪನ್ನು ಸಂಶಯಿಸಿದೆ, ತಂತ್ರಜ್ಞರಿಗೆ ಫೋನು ಮಾಡುವ ಹಂತಕ್ಕೂ ಬಂದೆ. ಕೊನೆಗೆ ಸೋಫಾದ ಹಿಂದೆ ಬಗ್ಗಿ ನೋಡಿದರೆ, ಗುಡಿಸುವಾಗ ಯಾರೋ ತಾಗಿಸಿ ಹಜಾರದ ರೇಡಿಯೇಟರಿನ ತಲೆ 2ಕ್ಕೆ ತಿರುಗಿತ್ತು. ಆ ತಲೆ 18ರ ಹತ್ತಿರ ನೀರು ನಿಲ್ಲಿಸುತ್ತಿತ್ತು, ಗೋಡೆಯ ಥರ್ಮೋಸ್ಟಾಟ್ 20 ಬೇಕೆಂದು ಕೇಳುತ್ತಲೇ ಇತ್ತು. ಎರಡೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದವು.

ರಾತ್ರಿ ಮತ್ತು ಮನೆ ಖಾಲಿಯಿರುವ ಹೊತ್ತಿನಲ್ಲಿ ಕಾವನ್ನು ಪೂರ್ತಿ ಆರಿಸುವ ಬದಲು 16 ಅಥವಾ 17ಕ್ಕೆ ಇಳಿಸಿದರೆ, ಕಡಿಮೆ ಕಾವಿನ ನೀರಿನಿಂದಲೇ ಬೆಳಿಗ್ಗೆ ಮತ್ತೆ ಏರಿಸಿಕೊಳ್ಳಬಹುದು. ಹೊರಗಿನ ಸೆನ್ಸರ್ ಇರುವ, ನೀರು 40ರ ಆಸುಪಾಸಿನಲ್ಲಿ ಹರಿಯುವ ಮನೆಯಲ್ಲಿ ಈ ಇಳಿಕೆ ಎರಡು ಡಿಗ್ರಿಗಿಂತ ಹೆಚ್ಚಿರದಿರುವುದು ಮೇಲು. ಬೆಳಗಿನ ಬಿಸಿನೀರಿನ ಅವಧಿಯನ್ನು ಕೋಣೆಗಳು ಕಾವೇರುವುದಕ್ಕೆ ಮುಂಚೆಯೇ ಮುಗಿಯುವಂತೆ ಇಡಿ; ಎರಡೂ ಒಟ್ಟಿಗೆ ಕೇಳಿದರೆ ಎರಡೂ ನಿಧಾನವಾಗುತ್ತವೆ. ಚಳಿಗಾಲದಲ್ಲಿ ಊರಿಗೆ ಹೋಗುವಾಗ ಬಾಯ್ಲರಿನ ವಿದ್ಯುತ್ ಸ್ವಿಚ್ಚನ್ನು ಆರಿಸಬೇಡಿ, ಆರಿಸಿದರೆ ಹೆಪ್ಪುಗಟ್ಟದಂತೆ ಕಾಯುವ ಅದರ ಸ್ವಂತ ವ್ಯವಸ್ಥೆಯೂ ಆರಿಹೋಗುತ್ತದೆ.

ಕೊನೆಯ ಪರೀಕ್ಷೆ

ಹೊಂದಾಣಿಕೆ ಮುಗಿದ ಮೇಲೆ ಮೊದಲು ಬಾಯ್ಲರಿನ ಒತ್ತಡದ ಮುಳ್ಳು ನೋಡಿ. ಮುಚ್ಚಿದ ವ್ಯವಸ್ಥೆಯಲ್ಲಿ ನೀರು ತಣ್ಣಗಿರುವಾಗ ಅದು 1ರಿಂದ 1.5 ಬಾರ್ ನಡುವೆ ನಿಂತಿರಬೇಕು. ಆಮೇಲೆ ಬಿಸಿನೀರನ್ನು ಮಾತ್ರ ಕೇಳಿ, ಹತ್ತು ನಿಮಿಷದ ನಂತರ ರೇಡಿಯೇಟರುಗಳನ್ನು ಮುಟ್ಟಿ ನೋಡಿ. ಅವು ತಣ್ಣಗಿರಬೇಕು, ಬೆಚ್ಚಗಾಗಿದ್ದರೆ ಕೋಣೆಗಳ ದಾರಿಯ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಬೇಸಿಗೆಯಲ್ಲೂ ನೀವು ಮನೆ ಕಾಯಿಸುತ್ತಿದ್ದೀರಿ. ನಂತರ ಕೋಣೆಗಳನ್ನು ಮಾತ್ರ ಕೇಳಿ, ಟ್ಯಾಂಕಿನ ಸುರುಳಿಗೆ ಹೋಗುವ ಕೊಳವೆ ನಿಧಾನವಾಗಿ ತಣಿಯುತ್ತಿದೆಯೇ ನೋಡಿ. ಬಳಿಕ ಎರಡನ್ನೂ ಕೇಳಿ. ಬಿಸಿನೀರಿಗೆ ಆದ್ಯತೆಯಿರುವ ವ್ಯವಸ್ಥೆಯಾದರೆ ತೆರೆಯ ಮೇಲಿನ ಅಂಕಿ 70ರ ಕಡೆಗೆ ಏರಬೇಕು, ಟ್ಯಾಂಕ್ ಕಾದು ಕೇಳುವುದನ್ನು ಬಿಟ್ಟ ಮೇಲೆ ನೀವು ನಿಗದಿಪಡಿಸಿದ 50ಕ್ಕೋ 55ಕ್ಕೋ ಇಳಿಯಬೇಕು. ಕೊನೆಗೆ ಎರಡನ್ನೂ ಆರಿಸಿ, ಉರಿಯ ಚಿಹ್ನೆ ಮಾಯವಾಗುವವರೆಗೆ ನಿಂತು ನೋಡಿ. ಆರಂಭದಲ್ಲಿ ಬರೆದಿಟ್ಟ ಹಾಳೆಯಲ್ಲಿ ಹಳೆಯ ಅಂಕಿಗಳ ಪಕ್ಕಕ್ಕೆ ಹೊಸ ಅಂಕಿಗಳನ್ನೂ ಇಂದಿನ ದಿನಾಂಕವನ್ನೂ ಬರೆದು, ಬಾಯ್ಲರಿನ ಪಕ್ಕದ ಗೋಡೆಗೆ ಅಂಟಿಸಿಬಿಡಿ; ಮುಂದಿನ ತಪಾಸಣೆಗೆ ಬರುವವರು ಗುಂಡಿಯನ್ನು ಮತ್ತೆ 80ಕ್ಕೆ ತಿರುಗಿಸುವ ಮುನ್ನ ಅದನ್ನು ಓದಲಿ.